ಐವತ್ತು ವರ್ಷ ದಾಟಿದ ಫಿಯೆಟ್‌ಗೆ ಎಂಥ ವಿಮೆ ಮಾಡಿಸಬೇಕು?

ಪ್ರಶ್ನೆ: ನಮ್ಮದು ತಿಪಟೂರು ತಾಲ್ಲೂಕಿನ ಹಳ್ಳಿಯಲ್ಲಿ ತೆಂಗಿನ ತೋಟವಿರುವ ಕುಟುಂಬ. ತಂದೆಯವರು ಇಟ್ಟುಕೊಂಡಿದ್ದ 1968ರ ಫಿಯೆಟ್ 1100 ಡಿಲೈಟ್ ಕಾರನ್ನು ಸುಮಾರು 3.8 ಲಕ್ಷ ರೂಪಾಯಿ ಖರ್ಚು ಮಾಡಿ ಟಿಂಕರಿಂಗ್, ಪೇಂಟಿಂಗ್ ಮುಗಿಸಿ ಸರಿಪಡಿಸಿದ್ದೇನೆ. ತಂದೆಯವರು ಕಳೆದ ವರ್ಷ ತೀರಿಕೊಂಡರು. ಆರ್‌ಸಿ ಇನ್ನೂ ಅವರ ಹೆಸರಿನಲ್ಲಿದೆ, ಥರ್ಡ್ ಪಾರ್ಟಿ ಪಾಲಿಸಿಯ ಅವಧಿ ಮುಗಿದಿದೆ. ಎಂಜಿನ್ ಹಿಂದೆಯೇ ಬದಲಾಗಿ ಈಗ ಪದ್ಮಿನಿ ಕಾರಿನದು ಇದೆ. ‘ಥರ್ಡ್ ಪಾರ್ಟಿಯೇ ಸಾಕು, ಫುಲ್ ಇನ್ಶೂರೆನ್ಸ್ ಬೇಕೇಬೇಕೆಂದರೆ 50 ಸಾವಿರಕ್ಕೆ ಮಾಡಿಸಿ’ ಎಂದು ಏಜೆಂಟರು ಹೇಳುತ್ತಾರೆ. ತಿಂಗಳಿಗೆ ಒಂದೆರಡು ಸಲ ತಾಯಿಯವರನ್ನು ಕೂರಿಸಿಕೊಂಡು ತುಮಕೂರಿಗೆ ಹೋಗಿಬರುವುದು, ಆಗಾಗ ಬೆಂಗಳೂರಿನ ಹಳೆಯ ಕಾರುಗಳ ಪ್ರದರ್ಶನಕ್ಕೆ ಒಯ್ಯುವುದು ನನ್ನ ಆಸೆ. ಮದುವೆಗೆ ಕಾರು ಕೊಡಿ ಎಂದು ಕೇಳುವವರೂ ಇದ್ದಾರೆ. ವಿಂಟೇಜ್ ನೋಂದಣಿ ಮಾಡಿಸಬೇಕೆ? ಯಾವ ವಿಮೆ ಒಳ್ಳೆಯದು?

ಉತ್ತರ: ನಿಮ್ಮ ಕಾರಿಗೆ ಬೇಕಾಗಿರುವುದು ಸಮಗ್ರ ಪಾಲಿಸಿ, ಅಂದರೆ ಜನ ಫುಲ್ ಇನ್ಶೂರೆನ್ಸ್ ಎಂದು ಕರೆಯುವ ಪಾಲಿಸಿ. ಅದರಲ್ಲಿ ಕಾರಿನ ಮೌಲ್ಯ 50 ಸಾವಿರ ಎಂದು ಬರೆಸಬಾರದು. ಅಷ್ಟು ಕಡಿಮೆ ಮೌಲ್ಯ ಬರೆಸುವುದು ಪ್ರೀಮಿಯಂ ಉಳಿಸಿ ಕಾರನ್ನೇ ಕಳೆದುಕೊಳ್ಳುವ ದಾರಿ. ಇದಕ್ಕೆ ಕಾರಣವನ್ನು ಮುಂದೆ ಲೆಕ್ಕ ಹಾಕಿಯೇ ತೋರಿಸುತ್ತೇನೆ. ಆದರೆ ಅದಕ್ಕಿಂತ ಮೊದಲು ಕಾಗದಪತ್ರಗಳು ಸರಿಯಾಗಬೇಕು, ಏಕೆಂದರೆ ಕಾರು ಯಾರ ಹೆಸರಿನಲ್ಲಿದೆಯೋ ಅವರ ಹೆಸರಿನಲ್ಲಿಯೇ ವಿಮೆ ಇರಬೇಕಾಗುತ್ತದೆ.

ವಿಮೆ ಮಾಡಿಸಿದವರು ತೀರಿಕೊಂಡರೆ ಪಾಲಿಸಿ ಆ ಕ್ಷಣದಲ್ಲೇ ರದ್ದಾಗುವುದಿಲ್ಲ. ಮರಣದ ದಿನದಿಂದ ಮೂರು ತಿಂಗಳವರೆಗೆ ಅಥವಾ ಪಾಲಿಸಿಯ ಅವಧಿ ಮುಗಿಯುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ, ಜಾರಿಯಲ್ಲಿರುತ್ತದೆ. ನಿಮ್ಮ ವಿಷಯದಲ್ಲಿ ಎರಡೂ ಮುಗಿದಿವೆ. ಆದ್ದರಿಂದ ಈಗ ಆ ಕಾರನ್ನು ತೋಟದ ಗೇಟಿನಿಂದ ಆಚೆ ತರಬೇಡಿ. ಮೋಟಾರು ವಾಹನ ಕಾಯ್ದೆಯ 146ನೇ ಕಲಮಿನ ಪ್ರಕಾರ ಥರ್ಡ್ ಪಾರ್ಟಿ ವಿಮೆಯಿಲ್ಲದ ವಾಹನವನ್ನು ಸಾರ್ವಜನಿಕ ರಸ್ತೆಯಲ್ಲಿ ಓಡಿಸುವಂತಿಲ್ಲ. ಮೊದಲ ಸಲ ಸಿಕ್ಕಿಬಿದ್ದರೆ 2,000 ರೂಪಾಯಿ, ಮತ್ತೆ ಸಿಕ್ಕಿಬಿದ್ದರೆ 4,000 ರೂಪಾಯಿ ದಂಡವಿದೆ, ಮೂರು ತಿಂಗಳವರೆಗೆ ಸೆರೆವಾಸಕ್ಕೂ ಅವಕಾಶವಿದೆ. ಆದರೆ ದಂಡ ಇಲ್ಲಿ ಸಣ್ಣ ಮಾತು. ದಾರಿಹೋಕರೊಬ್ಬರಿಗೆ ಏಟು ಬಿದ್ದರೆ ನ್ಯಾಯಾಲಯ ಗೊತ್ತುಮಾಡುವ ಪರಿಹಾರದ ಹೊಣೆ ನಿಮ್ಮ ಮೇಲೆ, ಮನೆಯ ಆಸ್ತಿಯ ಮೇಲೆ ಬೀಳುತ್ತದೆ.

ತಂದೆಯವರ ಹೆಸರಿನಿಂದ ನಿಮ್ಮ ಹೆಸರಿಗೆ ಆರ್‌ಸಿ ಬದಲಾಯಿಸಲು ನಮೂನೆ 31ರಲ್ಲಿ ಅರ್ಜಿ ಸಲ್ಲಿಸಬೇಕು. ಮರಣದ ಮೂರು ತಿಂಗಳೊಳಗೆ ಸಲ್ಲಿಸಬೇಕಿದ್ದ ಅರ್ಜಿ ಇದು. ತಡವಾಗಿರುವುದರಿಂದ ದಂಡ ಕಟ್ಟಬೇಕಾಗಬಹುದು. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ಪಡೆದ ವಂಶವೃಕ್ಷ, ತಾಯಿಯವರ ಮತ್ತು ಒಡಹುಟ್ಟಿದವರ ಒಪ್ಪಿಗೆ ಪತ್ರ ಜೊತೆಗಿರಲಿ. ಇಲ್ಲೊಂದು ಗಂಟಿದೆ: ಆರ್‌ಟಿಒ ಕಚೇರಿಯವರು ಚಾಲ್ತಿಯಲ್ಲಿರುವ ವಿಮೆ ಕೇಳುತ್ತಾರೆ, ವಿಮಾ ಕಂಪನಿಯವರು ನಿಮ್ಮ ಹೆಸರಿನ ಆರ್‌ಸಿ ಕೇಳುತ್ತಾರೆ. ಇದನ್ನು ಬಿಡಿಸಲು, ಇದೇ ದಾಖಲೆಗಳನ್ನು ವಿಮಾ ಕಂಪನಿಯ ಶಾಖೆಗೆ ಒಯ್ದು, ಉತ್ತರಾಧಿಕಾರಿಯೆಂದು ನಿಮ್ಮ ಹೆಸರು ನಮೂದಿಸಿ ಮೊದಲು ಥರ್ಡ್ ಪಾರ್ಟಿ ಪಾಲಿಸಿಯೊಂದನ್ನು ಕೊಡುವಂತೆ ಕೇಳಿ. ಆರ್‌ಸಿ ನಿಮ್ಮ ಹೆಸರಿಗೆ ಬಂದ ಮೇಲೆ ಸಮಗ್ರ ಪಾಲಿಸಿಗೆ ಹೋಗಿ. ಮಾಲೀಕ–ಚಾಲಕರಿಗೆ ಕಡ್ಡಾಯವಾಗಿರುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆಯೂ ಆರ್‌ಸಿಯಲ್ಲಿ ಹೆಸರಿರುವ, ಚಾಲನಾ ಪರವಾನಗಿ ಚಾಲ್ತಿಯಲ್ಲಿರುವ ವ್ಯಕ್ತಿಗೇ ಸಲ್ಲುತ್ತದೆ. ಕಾರು ತಂದೆಯವರ ಹೆಸರಿನಲ್ಲೇ ಉಳಿದರೆ ಅದು ನಿಮ್ಮ ಮನೆಯವರ ಉಪಯೋಗಕ್ಕೆ ಬರುವುದಿಲ್ಲ.

ಆರ್‌ಟಿಒ ಕಚೇರಿಗೆ ಹೋದಾಗಲೇ ಎಂಜಿನ್ನಿನ ವಿಷಯವನ್ನೂ ಮುಗಿಸಿಕೊಳ್ಳಿ. ನಾನು ವಾಹನ ನಷ್ಟದ ಸರ್ವೇಗೆ ಹೋದಾಗ ಒಡೆದ ಭಾಗಗಳನ್ನು ಆಮೇಲೆ ನೋಡುತ್ತೇನೆ. ಮೊದಲು ಬಾನೆಟ್ ಎತ್ತಿ, ಚಾಸಿ ನಂಬರು ಕೊರೆದಿರುವ ಜಾಗವನ್ನು ಬಟ್ಟೆಯಿಂದ ಒರೆಸಿ, ಮೇಲೆ ತೆಳುವಾದ ಕಾಗದವಿಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತೆಗೆಯುತ್ತೇನೆ. ಎಂಜಿನ್ ನಂಬರಿಗೂ ಹಾಗೆಯೇ. ಆ ಅಚ್ಚು ಆರ್‌ಸಿಯಲ್ಲಿರುವ ಅಂಕಿಗೆ ಹೊಂದದಿದ್ದರೆ ಕ್ಲೇಮು ಅಲ್ಲಿಂದಲೇ ಮುಗ್ಗರಿಸುತ್ತದೆ. ಪದ್ಮಿನಿಯ ಎಂಜಿನ್ ಕೂಡ ನಿಮ್ಮ ಮೂಲ ಎಂಜಿನ್ನಿನಂತೆಯೇ 1089 ಸಿಸಿಯದು, ಆದ್ದರಿಂದ ಪ್ರೀಮಿಯಂ ದರ ಬದಲಾಗುವುದಿಲ್ಲ. ಆದರೂ ಹೊಸ ನಂಬರು ಆರ್‌ಸಿಯಲ್ಲಿ ದಾಖಲಾಗಲೇಬೇಕು. ಎಂಜಿನ್ ಕೊಂಡ ರಸೀದಿ ಇದ್ದರೆ ಹುಡುಕಿ ತೆಗೆದಿಡಿ. ಖಾಸಗಿ ಕಾರಿನ ನೋಂದಣಿ ಮೊದಲು 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣವಾಗುತ್ತದೆ. ಆ ದಿನಾಂಕವನ್ನೂ ಒಮ್ಮೆ ನೋಡಿಕೊಳ್ಳಿ.

ಇನ್ನು ವಿಂಟೇಜ್ ನೋಂದಣಿ. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಮೂಲ ರೂಪದಲ್ಲೇ ಉಳಿದಿರುವ, ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ. ಅವಧಿ 10 ವರ್ಷ. ಹಾಗೆ ನೋಂದಾಯಿಸಿದ ಖಾಸಗಿ ಕಾರಿಗೆ ಥರ್ಡ್ ಪಾರ್ಟಿ ಪ್ರೀಮಿಯಂನಲ್ಲಿ ಶೇಕಡಾ 50 ರಿಯಾಯಿತಿ ಇದೆ. 2022ರಲ್ಲಿ ನಿಗದಿಯಾದ ದರದಂತೆ 1000ದಿಂದ 1500 ಸಿಸಿಯ ಕಾರಿಗೆ 3,416 ರೂಪಾಯಿ ಇರುವ ಮೂಲ ಪ್ರೀಮಿಯಂ ಇದರಿಂದ 1,708ಕ್ಕೆ ಇಳಿಯುತ್ತದೆ. ಆದರೆ ವಿಂಟೇಜ್ ವಾಹನವನ್ನು ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ‍್ಯಾಲಿ, ಇಂಧನ ತುಂಬಿಸುವುದು, ದುರಸ್ತಿ ಇವುಗಳಿಗೆ ಮಾತ್ರ ರಸ್ತೆಗೆ ತರಬಹುದು. ದಿನಬಳಕೆಗೂ ವಾಣಿಜ್ಯ ಬಳಕೆಗೂ ಅವಕಾಶವಿಲ್ಲ. ತಾಯಿಯವರನ್ನು ತುಮಕೂರಿನ ಆಸ್ಪತ್ರೆಗೋ ಸಿದ್ಧಗಂಗೆಗೋ ಕರೆದೊಯ್ಯುವುದು ಈ ಪಟ್ಟಿಯಲ್ಲಿ ಎಲ್ಲಿಯೂ ಸೇರುವುದಿಲ್ಲ. ಅಂಥ ದಿನ ಅಪಘಾತವಾದರೆ, ಅನುಮತಿಯಿಲ್ಲದ ಬಳಕೆ ಎಂದು ಕಂಪನಿ ಕ್ಲೇಮು ನಿರಾಕರಿಸಲು ಕಾರಣ ಸಿಕ್ಕಂತಾಗುತ್ತದೆ. ಜೊತೆಗೆ ನಿಮ್ಮ ಕಾರಿನ ಎಂಜಿನ್ ಬದಲಾಗಿರುವುದು ನೋಂದಣಿಗೇ ಅಡ್ಡಿಯಾಗಬಹುದು. ವರ್ಷಕ್ಕೆ 1,708 ರೂಪಾಯಿ ಉಳಿಸಲು ಕಾರನ್ನು ಸ್ವತಂತ್ರವಾಗಿ ಓಡಿಸುವ ಹಕ್ಕನ್ನು ಬಿಟ್ಟುಕೊಡಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಮೈಸೂರು ರಾಜ್ಯದ ಕಾಲದ ಹಳೆಯ ನಂಬರಿನೊಂದಿಗೆ ಸಾಮಾನ್ಯ ಖಾಸಗಿ ಕಾರಾಗಿಯೇ ಅದು ಇರಲಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಪಾಲಿಸಿಯಲ್ಲಿ ಐಡಿವಿ ಎಂದು ಬರೆದಿರುವ ಮೊತ್ತ, ಅಂದರೆ ಕಾರಿನ ಘೋಷಿತ ಮೌಲ್ಯ, ಕಾರು ಕಳವಾದರೆ ಅಥವಾ ಪೂರ್ತಿ ಹಾಳಾದರೆ ಕಂಪನಿ ಕೊಡುವ ಹಣದ ಮಿತಿ. ಹೊಸ ಕಾರುಗಳಿಗೆ ಇದನ್ನು ಕೋಷ್ಟಕ ನೋಡಿ ಹಾಕುತ್ತಾರೆ: ಆರು ತಿಂಗಳೊಳಗಿನ ಕಾರಿಗೆ ಶೇಕಡಾ 5 ಸವಕಳಿಯಿಂದ ಆರಂಭವಾಗಿ, ನಾಲ್ಕರಿಂದ ಐದು ವರ್ಷದ ಕಾರಿಗೆ ಶೇಕಡಾ 50ರವರೆಗೆ. ಐದು ವರ್ಷ ದಾಟಿದ ಕಾರಿಗೆ ಮತ್ತು ತಯಾರಿಕೆ ನಿಂತುಹೋದ ಮಾದರಿಗೆ ಕೋಷ್ಟಕವೇ ಇಲ್ಲ. ವಿಮೆ ಮಾಡಿಸುವವರೂ ಕಂಪನಿಯೂ ಮಾತನಾಡಿ ಒಪ್ಪಿಕೊಂಡ ಮೊತ್ತವೇ ಐಡಿವಿ ಎಂದು ನಿಯಮವೇ ಹೇಳುತ್ತದೆ. ನಿಮ್ಮ ಏಜೆಂಟರು ಹೇಳಿದ 50 ಸಾವಿರಕ್ಕೆ ಯಾವ ನಿಯಮದ ಆಧಾರವೂ ಇಲ್ಲ. ಹಳೆಯ ಕಾರೆಂದರೆ ಗುಜರಿ ಎಂಬ ರೂಢಿಯ ಲೆಕ್ಕ ಅದು.

ಆ ಲೆಕ್ಕವನ್ನು ಒಪ್ಪಿದರೆ ಏನಾಗುತ್ತದೆ ನೋಡಿ. ಕ್ಯಾತ್ಸಂದ್ರದ ಬಳಿ ಲಾರಿಯೊಂದು ಪಕ್ಕಕ್ಕೆ ತಾಗಿ ಒಂದು ಬಾಗಿಲು, ಒಂದು ಮಡ್ಗಾರ್ಡ್ ಜಜ್ಜಿಹೋದವು ಎಂದಿಟ್ಟುಕೊಳ್ಳಿ. ಬಿಡಿಭಾಗಕ್ಕೆ 30,000, ಟಿಂಕರಿಂಗ್ ಕೂಲಿ 25,000, ಪೇಂಟಿಂಗ್‌ಗೆ 20,000, ಒಟ್ಟು 75,000 ರೂಪಾಯಿ ಬಿಲ್ಲಾಯಿತು. ಹತ್ತು ವರ್ಷ ಮೀರಿದ ಕಾರಿನ ಲೋಹದ ಭಾಗಗಳಿಗೆ ಶೇಕಡಾ 50 ಸವಕಳಿ ಕಳೆಯುವುದರಿಂದ ಬಿಡಿಭಾಗದ ಬಾಬ್ತು 15,000ಕ್ಕೆ ಇಳಿಯುತ್ತದೆ. ಪೇಂಟಿಂಗ್ ಬಿಲ್ಲನ್ನು ಒಟ್ಟಾಗಿ ಕೊಟ್ಟರೆ ಅದರ ಕಾಲುಭಾಗವನ್ನು ಬಣ್ಣದ ಸಾಮಗ್ರಿಯೆಂದು ಹಿಡಿದು ಅದರಲ್ಲಿ ಅರ್ಧ ಕಳೆಯುತ್ತಾರೆ, 17,500 ಉಳಿಯುತ್ತದೆ. ಕೂಲಿಗೆ ಸವಕಳಿ ಇಲ್ಲ. 1500 ಸಿಸಿವರೆಗಿನ ಕಾರಿಗೆ ಕಡ್ಡಾಯವಾಗಿ ಮಾಲೀಕರೇ ಭರಿಸಬೇಕಾದ 1,000 ರೂಪಾಯಿ ತೆಗೆದರೆ ಕಂಪನಿಯ ಪಾಲು 56,500.

ದುರಸ್ತಿಯ ಖರ್ಚು ಐಡಿವಿಯ ಶೇಕಡಾ 75ನ್ನು ಮೀರಿದರೆ ಆ ಕಾರನ್ನು ಪೂರ್ಣ ನಷ್ಟವೆಂದು ಪರಿಗಣಿಸುವುದು ಪಾಲಿಸಿಯ ಷರತ್ತು. ಐಡಿವಿ 50,000 ಇದ್ದರೆ ಆ ಗೆರೆ 37,500. ಅಂದರೆ ಒಂದು ಬಾಗಿಲು, ಒಂದು ಮಡ್ಗಾರ್ಡಿನ ಏಟಿಗೇ ನಿಮ್ಮ ಕಾರು ಪೂರ್ಣ ನಷ್ಟದ ಲೆಕ್ಕಕ್ಕೆ ಸೇರುತ್ತದೆ. ಆಗ ಕಂಪನಿ 50 ಸಾವಿರದ ಲೆಕ್ಕದಲ್ಲಿ ಹಣ ಕೊಟ್ಟು ಕಾರನ್ನು ವಶಕ್ಕೆ ಪಡೆಯುತ್ತದೆ, ಇಲ್ಲವೇ ಗುಜರಿ ಬೆಲೆಯನ್ನು ಮುರಿದುಕೊಂಡು ಕಾರನ್ನು ನಿಮಗೇ ಬಿಡುತ್ತದೆ. ಅದೇ ಕಾರಿಗೆ 4 ಲಕ್ಷದ ಐಡಿವಿ ಇದ್ದರೆ ಗೆರೆ 3 ಲಕ್ಷಕ್ಕೆ ಏರುತ್ತದೆ, 56,500 ರೂಪಾಯಿ ದುರಸ್ತಿಗೆ ಸಿಗುತ್ತದೆ, ಕಾರು ನಿಮ್ಮ ಬಳಿಯೇ ಉಳಿಯುತ್ತದೆ.

ಇದಕ್ಕೆ ತಗಲುವ ಹೆಚ್ಚುವರಿ ಖರ್ಚೆಷ್ಟು? ದೊಡ್ಡ ನಗರಗಳ ಹೊರಗೆ ನೋಂದಣಿಯಾದ, ಹತ್ತು ವರ್ಷ ಮೀರಿದ, ನಿಮ್ಮ ಸಿಸಿಯ ಕಾರಿಗೆ ಹಳೆಯ ಟ್ಯಾರಿಫ್ ದರ, ಅಂದರೆ ಹಿಂದೆ ಎಲ್ಲ ಕಂಪನಿಗಳಿಗೂ ಒಂದೇ ಆಗಿ ನಿಗದಿಯಾಗಿದ್ದ ದರ, ಐಡಿವಿಯ ಶೇಕಡಾ 3.430 ಇತ್ತು. ಈಗ ಪ್ರತಿಯೊಂದು ಕಂಪನಿಯೂ ತನ್ನ ದರ ತಾನೇ ಹಾಕುತ್ತದೆ, ಆದರೂ ಅಂದಾಜಿಗೆ ಇದು ಸಾಕು. 50,000ಕ್ಕೆ 1,715 ರೂಪಾಯಿ, 4 ಲಕ್ಷಕ್ಕೆ 13,720 ರೂಪಾಯಿ, ಮೇಲೆ ಜಿಎಸ್‌ಟಿ. ವ್ಯತ್ಯಾಸ ಸುಮಾರು 12,000. ಕ್ಲೇಮು ಮಾಡದ ಮೊದಲ ವರ್ಷದ ನಂತರ ಶೇಕಡಾ 20, ಐದು ವರ್ಷಗಳ ನಂತರ ಶೇಕಡಾ 50ರವರೆಗೆ ನೋ ಕ್ಲೇಮ್ ಬೋನಸ್ ಸಿಗುವುದರಿಂದ ಈ ಹೊರೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಆದ್ದರಿಂದ ಸಣ್ಣಪುಟ್ಟ ಗೀರುಗಳಿಗೆ ಕ್ಲೇಮು ಮಾಡಬೇಡಿ. ಪ್ರೀಮಿಯಂ ತಗ್ಗಿಸಲು, ಪ್ರತಿ ಕ್ಲೇಮಿನಲ್ಲೂ ಮೊದಲ 15,000 ರೂಪಾಯಿ ನಾವೇ ಭರಿಸುತ್ತೇವೆ ಎಂದು ಒಪ್ಪಿಕೊಳ್ಳುವ ಆಯ್ಕೆಯೂ ಇರುತ್ತದೆ. ಹಳೆಯ ಟ್ಯಾರಿಫ್‌ನಲ್ಲಿ ಅದರಿಂದ ಸಿಗುತ್ತಿದ್ದ ರಿಯಾಯಿತಿ ಹೆಚ್ಚೆಂದರೆ 2,500 ರೂಪಾಯಿ. ಸವಕಳಿಯಲ್ಲೇ ಅರ್ಧ ಕಳೆದುಕೊಳ್ಳುವ ನಿಮಗೆ ಅದು ಲಾಭವಲ್ಲ. ಸವಕಳಿ ಕಳೆಯದ ‘ಬಂಪರ್ ಟು ಬಂಪರ್’ ಸೌಲಭ್ಯವನ್ನು ಕಂಪನಿಗಳು ಸಾಮಾನ್ಯವಾಗಿ ಹೊಸ ಕಾರುಗಳಿಗೆ ಮಾತ್ರ ಕೊಡುತ್ತವೆ. ಅದರ ಹಿಂದೆ ಬೀಳಬೇಡಿ.

4 ಲಕ್ಷ ಎಂದು ನೀವು ಹೇಳಿದ ಮಾತ್ರಕ್ಕೆ ಕಂಪನಿ ಒಪ್ಪುವುದಿಲ್ಲ, ಆಧಾರ ಕೊಡಬೇಕು. ಸರಿಪಡಿಸಿದ ಪ್ರತಿ ಹಂತದ ಫೋಟೊಗಳು, ಬಿಡಿಭಾಗದ ಬಿಲ್ಲುಗಳು, ಟಿಂಕರಿಂಗ್ ಮಾಡಿದವರಿಂದ ಸಹಿ ಹಾಕಿಸಿದ ಖರ್ಚಿನ ಪಟ್ಟಿ, ಪರವಾನಗಿ ಪಡೆದ ಸರ್ವೇಯರ್ ಅಥವಾ ವಾಹನ ಮೌಲ್ಯಮಾಪಕರ ವರದಿ, ಇದೇ ಮಾದರಿಯ ಕಾರುಗಳು ಇತ್ತೀಚೆಗೆ ಮಾರಾಟವಾದ ಬೆಲೆಗೆ ದಾಖಲೆ, ಇವನ್ನೆಲ್ಲ ಒಂದು ಕಡತದಲ್ಲಿಟ್ಟು ಕೊಡಿ. ಸ್ವೀಕರಿಸಿದ್ದಕ್ಕೆ ಮುದ್ರೆ ಹಾಕಿಸಿಕೊಂಡ ಪ್ರತಿ ನಿಮ್ಮ ಬಳಿ ಇರಲಿ. ಆದರೆ ಖರ್ಚು ಮಾಡಿದ್ದೆಲ್ಲ ಮೌಲ್ಯವಾಗುವುದಿಲ್ಲ ಎಂಬುದು ಗಮನದಲ್ಲಿರಲಿ. ಮಾರುಕಟ್ಟೆಯಲ್ಲಿ ಆ ಕಾರಿಗೆ 3 ಲಕ್ಷವೇ ಬರುವುದಾದರೆ 3 ಲಕ್ಷವನ್ನೇ ಬರೆಸಿ; ವಿಪರೀತ ಹೆಚ್ಚಿಸಿದ ಐಡಿವಿ ಕ್ಲೇಮಿನ ದಿನ ಅನುಮಾನಕ್ಕೆ ದಾರಿ ಮಾಡುತ್ತದೆ. ಆನ್‌ಲೈನ್‌ನಲ್ಲಿ ಇಂಥ ಕಾರಿಗೆ ಬಹುಮಟ್ಟಿಗೆ ಥರ್ಡ್ ಪಾರ್ಟಿ ಪಾಲಿಸಿ ಮಾತ್ರ ಸಿಗುತ್ತದೆ. ಈ ಕೆಲಸ ಆಗಬೇಕಾದದ್ದು ಶಾಖೆಯಲ್ಲಿ, ವ್ಯವಸ್ಥಾಪಕರ ಎದುರು ಕೂತು. ನ್ಯೂ ಇಂಡಿಯಾ, ಯುನೈಟೆಡ್ ಇಂಡಿಯಾ, ಓರಿಯೆಂಟಲ್, ನ್ಯಾಷನಲ್ ಎಂಬ ನಾಲ್ಕು ಸರ್ಕಾರಿ ಕಂಪನಿಗಳಿಂದ ವಿಚಾರಣೆ ಶುರುಮಾಡಿ, ಕನಿಷ್ಠ ಇಬ್ಬರಿಂದ ಬರಹದಲ್ಲಿ ಉತ್ತರ ಪಡೆಯಿರಿ.

‘ಅಗ್ರೀಡ್ ವ್ಯಾಲ್ಯೂ’ ಎಂಬ ಷರತ್ತನ್ನೂ ಕೇಳಿ ನೋಡಿ. ಪೂರ್ಣ ನಷ್ಟವಾದರೆ ಸವಕಳಿಯ ಮಾತೆತ್ತದೆ ಪಾಲಿಸಿಯಲ್ಲಿ ಬರೆದ ಮೊತ್ತವನ್ನೇ ಕೊಡುವ ಷರತ್ತು ಇದು. ಟ್ಯಾರಿಫ್‌ನಲ್ಲಿ ಇದು ವಿಂಟೇಜ್ ಕಾರುಗಳಿಗೆ ಮಾತ್ರ ಮೀಸಲು. ಅಲ್ಲಿ ವಿಂಟೇಜ್ ಎಂದರೆ 1940ರ ಡಿಸೆಂಬರ್ 31ಕ್ಕಿಂತ ಮೊದಲು ತಯಾರಾಗಿ ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಆಫ್ ಇಂಡಿಯಾದ ಪ್ರಮಾಣಪತ್ರ ಪಡೆದ ಕಾರು. ಆ ಲೆಕ್ಕದಲ್ಲಿ ನಿಮ್ಮ 1968ರ ಕಾರು ಬರುವುದಿಲ್ಲ. ಕಂಪನಿಯವರು ತಾವಾಗಿ ಕೊಡಲು ಒಪ್ಪಿದರೆ ಸರಿ, ಇಲ್ಲದಿದ್ದರೆ ಅದಕ್ಕಾಗಿ ಕಾಯಬೇಕಾಗಿಲ್ಲ, ಪರಸ್ಪರ ಒಪ್ಪಿದ ಐಡಿವಿಯೇ ನಿಮ್ಮ ರಕ್ಷಣೆ.

ಥರ್ಡ್ ಪಾರ್ಟಿಯೇ ಸಾಕೆಂಬ ಮಾತನ್ನು ಒಪ್ಪಬಾರದು ಎನ್ನಲು ಐಡಿವಿಗಿಂತ ದೊಡ್ಡ ಕಾರಣ ನಿಮ್ಮ ತಾಯಿಯವರು. ಥರ್ಡ್ ಪಾರ್ಟಿ ಪಾಲಿಸಿ ರಸ್ತೆಯಲ್ಲಿ ಏಟು ತಿಂದ ಹೊರಗಿನವರಿಗೆ ಪರಿಹಾರ ಕೊಡುತ್ತದೆ. ನಿಮ್ಮದೇ ಖಾಸಗಿ ಕಾರಿನಲ್ಲಿ ಕೂತವರಿಗೆ ಕಂಪನಿಯ ಹೊಣೆ ಇರುತ್ತದೆಯೇ ಎಂಬುದು ಪಾಲಿಸಿಯ ಬಗೆಯನ್ನು ಅವಲಂಬಿಸುತ್ತದೆ: ಸಮಗ್ರ ಪಾಲಿಸಿಯಲ್ಲಿ ಆ ಹೊಣೆ ಸೇರಿದೆ, ಕಾಯ್ದೆಯ ಮಟ್ಟಿಗಿನ, ಅಂದರೆ ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಸೇರಿಲ್ಲ ಎಂಬ ವ್ಯತ್ಯಾಸವನ್ನು ಸುಪ್ರೀಂ ಕೋರ್ಟ್ 2012ರ ತೀರ್ಪೊಂದರಲ್ಲಿ ಸ್ಪಷ್ಟಪಡಿಸಿದೆ. ಏರ್‌ಬ್ಯಾಗ್ ಇಲ್ಲದ ಆ ಕಾಲದ ಕಾರಿನಲ್ಲಿ ವಯಸ್ಸಾದವರನ್ನು ಕೂರಿಸಿಕೊಂಡು ರಾಷ್ಟ್ರೀಯ ಹೆದ್ದಾರಿಯಲ್ಲಿ ಹೋಗುವವರು ಈ ವಿಷಯದಲ್ಲಿ ಉಳಿತಾಯ ನೋಡಬಾರದು. ಹೆಸರು ನಮೂದಿಸದ ಪ್ರಯಾಣಿಕರಿಗೂ ತಲಾ 2 ಲಕ್ಷ ರೂಪಾಯಿವರೆಗೆ ವೈಯಕ್ತಿಕ ಅಪಘಾತ ವಿಮೆ ಸೇರಿಸಬಹುದು, ಸೇರಿಸಿ. ಸೀಟ್ ಬೆಲ್ಟ್ ಇಲ್ಲದಿದ್ದರೆ ಅದನ್ನೂ ಹಾಕಿಸಿ.

ಮದುವೆಗೆ ಕಾರು ಕೊಡುವ ವಿಷಯ: ನೆಂಟರ ಮದುವೆಗೆ ಹಣ ತೆಗೆದುಕೊಳ್ಳದೆ ನೀವೇ ಓಡಿಸಿಕೊಂಡು ಹೋದರೆ ತೊಂದರೆಯಿಲ್ಲ. ಬಾಡಿಗೆ ಎಂದು ಹಣ ಪಡೆದರೆ ಖಾಸಗಿ ಕಾರಿನ ಪಾಲಿಸಿ ಆ ಪ್ರಯಾಣಕ್ಕೆ ಅನ್ವಯಿಸುವುದಿಲ್ಲ. ಚಿತ್ರೀಕರಣಕ್ಕೆ ಕೊಟ್ಟರೂ ಇದೇ ನಿಯಮ.

ನಿಮ್ಮ ಕಾರು ವರ್ಷದ ಹೆಚ್ಚಿನ ಭಾಗ ತೋಟದ ಮನೆಯಲ್ಲೇ ನಿಂತಿರುತ್ತದೆ. ನಿಮ್ಮ ಭಾಗದಲ್ಲಿ ಇಂಥ ಕಾರುಗಳು ಕೊಬ್ಬರಿ ಅಟ್ಟದ ಕೆಳಗೋ ಮಟ್ಟೆಯ ರಾಶಿಯ ಪಕ್ಕದಲ್ಲೋ ನಿಂತಿರುವುದನ್ನು ನೋಡಿದ್ದೇನೆ. ಇಲಿಗಳು ವೈರಿನ ಮೇಲಿನ ಹೊದಿಕೆ ಕಡಿದು ತಾಮ್ರ ಹೊರಗೆ ಕಾಣುತ್ತಿರುತ್ತದೆ. ಕಾರ್ಬುರೇಟರಿಗೆ ಹೋಗುವ ರಬ್ಬರ್ ಪೈಪು ಗಟ್ಟಿಯಾಗಿ, ಬೆರಳಲ್ಲಿ ಬಗ್ಗಿಸಿದರೆ ಸಣ್ಣ ಸಣ್ಣ ಬಿರುಕು ಬಾಯಿಬಿಡುತ್ತವೆ. ಇವೆರಡೂ ಸೇರಿದರೆ ಬೆಂಕಿಗೆ ಮತ್ತೇನೂ ಬೇಡ. ಬೆಂಕಿಯ ನಷ್ಟಕ್ಕೆ ಪಾಲಿಸಿಯಲ್ಲಿ ರಕ್ಷಣೆಯಿದೆ, ಕಾರು ತಾನಾಗಿ ಹೊತ್ತಿಕೊಂಡರೂ ಇದೆ. ಆದರೆ ವಾಹನವನ್ನು ಸುಸ್ಥಿತಿಯಲ್ಲಿ ಕಾಪಾಡುವುದು ಮಾಲೀಕರ ಕರ್ತವ್ಯ ಎಂಬ ಷರತ್ತೂ ಅದೇ ಪಾಲಿಸಿಯಲ್ಲಿದೆ. ಪೆಟ್ರೋಲ್ ಪೈಪುಗಳನ್ನು ಈಗಲೇ ಬದಲಾಯಿಸಿ ಬಿಲ್ಲು ಇಟ್ಟುಕೊಳ್ಳಿ, ನಿಲ್ಲಿಸಿದ ಮೇಲೆ ಬ್ಯಾಟರಿಯ ತಂತಿ ಬಿಚ್ಚಿಡಿ, ಮಟ್ಟೆಯ ರಾಶಿಯನ್ನು ದೂರಕ್ಕೆ ಹಾಕಿಸಿ. ಯಾವ ಕಂಪನಿಯೂ ಸಮಗ್ರ ಪಾಲಿಸಿಗೆ ಒಪ್ಪದಿದ್ದರೆ, ಥರ್ಡ್ ಪಾರ್ಟಿಯೊಂದಿಗೆ ಬೆಂಕಿ ಮತ್ತು ಕಳವಿನ ರಕ್ಷಣೆಯನ್ನು ಮಾತ್ರ ಸೇರಿಸುವ ನಡುವಿನ ದಾರಿಯೊಂದಿದೆ. ಅದನ್ನು ಹೆಸರಿಟ್ಟು ಕೇಳಿ. ಕಳವಿನ ಕ್ಲೇಮಿನಲ್ಲಿ ಕಾರಿನ ಎಲ್ಲ ಕೀಗಳನ್ನೂ ಕೇಳುತ್ತಾರೆ. ನಿಮ್ಮ ಬಳಿ ಒಂದೇ ಕೀ ಇದ್ದರೆ, ಪಾಲಿಸಿಗೆ ಮುಂಚಿನ ತಪಾಸಣೆಯ ವರದಿಯಲ್ಲೇ ಅದನ್ನು ಬರೆಸಿ.

ಬೆಂಗಳೂರಿನ ಪ್ರದರ್ಶನಕ್ಕೆ ಓಡಿಸಿಕೊಂಡು ಹೋಗಿ ನಿಲ್ಲಿಸಿ ಬರುವುದಾದರೆ ಸಾಮಾನ್ಯ ಪಾಲಿಸಿ ಸಾಕು. ವೇಗದ ಸ್ಪರ್ಧೆ, ಸಮಯ ನಿಗದಿಪಡಿಸಿದ ಓಟ ಇವು ಪಾಲಿಸಿಯ ವ್ಯಾಪ್ತಿಯ ಹೊರಗಿವೆ. ಆಯೋಜಕರು ರ‍್ಯಾಲಿ ಎಂದು ಕರೆದರೆ ಅದರ ನಿಯಮಗಳ ಪ್ರತಿಯನ್ನು ಮೊದಲೇ ಕಂಪನಿಗೆ ತೋರಿಸಿ, ಬೇಕಾದರೆ ಆ ದಿನಗಳ ಮಟ್ಟಿಗೆ ಹೆಚ್ಚುವರಿ ಪ್ರೀಮಿಯಂ ಕಟ್ಟಿ ವ್ಯಾಪ್ತಿ ವಿಸ್ತರಿಸಿಕೊಳ್ಳಿ. ಲಾರಿಯ ಮೇಲೆ ಹೇರಿ ಕಳಿಸಿದರೂ ಚಿಂತೆಯಿಲ್ಲ. ರಸ್ತೆ, ರೈಲು ಮಾರ್ಗವಾಗಿ ಸಾಗಿಸುವಾಗ ಆಗುವ ನಷ್ಟ ಸಮಗ್ರ ಪಾಲಿಸಿಯಲ್ಲಿ ಸೇರಿದೆ. ಅಪಘಾತವಾದ ಕಾರನ್ನು ಎಳೆದು ತರುವುದಕ್ಕೆ ಮಾತ್ರ ಪಾಲಿಸಿ ಕೊಡುವುದು 1,500 ರೂಪಾಯಿವರೆಗೆ. ನೆಲಮಂಗಲದಿಂದ ತಿಪಟೂರಿಗೆ ಆ ಹಣದಲ್ಲಿ ಯಾರೂ ಬರುವುದಿಲ್ಲ, ಆದ್ದರಿಂದ ಎಳೆತದ ಮೊತ್ತವನ್ನು ಹೆಚ್ಚಿಸುವ ಆಯ್ಕೆ ಇದೆಯೇ ಎಂದು ಪಾಲಿಸಿ ಕೊಳ್ಳುವಾಗಲೇ ಕೇಳಿ. ಹೀಗೆ ಎಲ್ಲವನ್ನೂ ಬರಹದಲ್ಲಿಟ್ಟುಕೊಂಡ ಮೇಲೂ ಕ್ಲೇಮಿನಲ್ಲಿ ಅನ್ಯಾಯವಾಯಿತು ಎನಿಸಿದರೆ ಮೊದಲು ಕಂಪನಿಗೇ ದೂರು ಕೊಡಿ. 30 ದಿನಗಳಲ್ಲಿ ಸರಿಯಾದ ಉತ್ತರ ಬಾರದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು; ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.